‘ಅರಳುಮರಳು’ ಅಂದು ಸುಮ್ಮನಾದರೆ ಮುಗೀತಾ? ಮರೆವಿನ ಕಾಯಿಲೆಯ ಖರ್ಚು ಕಟ್ಟುತ್ತಿರೋದು ಸೊಸೆಯ ಕೂಲಿ

ಬಾದನಹಟ್ಟಿ (ಕುರುಗೋಡು): ಮನೆಯ ಹಿರಿಯರು ಒಂದೇ ಮಾತನ್ನ ಹತ್ತು ಸಲ ಕೇಳಿದರೆ, ಈಗಷ್ಟೇ ಉಂಡು ಕೈ ತೊಳೆದವರು ‘ಇನ್ನೂ ಊಟಕ್ಕೆ ಕೊಟ್ಟಿಲ್ಲ’ ಅಂತ ಓಣಿಗೆಲ್ಲ ಕೇಳಂಗೆ ಕೂಗಿದರೆ, ಸಂಜೆ ಹೊತ್ತಿಗೆ ಸ್ವಂತ ಮನೆಯ ಕಟ್ಟೆ ಮ್ಯಾಲೆ ಕುಂತು ‘ನಮ್ಮನಿಗೆ ಹೋಗ್ತೀನಿ’ ಅಂತ ಎದ್ದು ನಿಂತರೆ, ಬಳ್ಳಾರಿ ಸೀಮೆಯಲ್ಲಿ ಅದಕ್ಕೆ ಇರೋದು ಒಂದೇ ಹೆಸರು: ಅರಳುಮರಳು. ಅರವತ್ತಕ್ಕೆ ಅರಳುಮರಳು ಅಂತ ಗಾದೆನೇ ಇದೆ. ಗಾದೆ ಇದ್ದಮೇಲೆ ಡಾಕ್ಟರ್ ಯಾಕೆ? ಹಂಗಾಗಿ ಬಹಳ ಮನೆಗಳಲ್ಲಿ ಆಸ್ಪತ್ರೆಗೆ ತೋರಿಸೋದೇ ಇಲ್ಲ. ತೋರಿಸದಿದ್ದರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ಕಾಯಿಲೆಗೆ ಹೆಸರಿಲ್ಲ, ಹೆಸರಿಲ್ಲದ ಕಾಯಿಲೆಗೆ ಸರ್ಕಾರದ ಕಡತದಲ್ಲಿ ಜಾಗ ಇಲ್ಲ.

ಖರ್ಚು ಮಾತ್ರ ದಿನಾ ಆಗುತ್ತಲೇ ಇದೆ. ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಕಡೆಯ ಕಾಲುವೆ ಸೀಮೆಯಲ್ಲಿ ಅದನ್ನು ಕಟ್ಟುತ್ತಿರುವವರು ಮನೆಯ ಹೆಣ್ಣುಮಕ್ಕಳು. ಕೈಯಿಂದ ದುಡ್ಡು ಎಣಿಸಿ ಕೊಡ್ತಿಲ್ಲ, ಹೋಗಬೇಕಾದ ಕೂಲಿ ಬಿಟ್ಟು ಕಟ್ಟುತ್ತಿದ್ದಾರೆ. ಅದಕ್ಕೇ ಅದು ಖರ್ಚು ಅಂತ ಮನೆಯವರಿಗೂ ಅನಿಸಲ್ಲ, ಸರ್ಕಾರಕ್ಕೂ ಕಾಣಲ್ಲ.

ನೂರರಲ್ಲಿ ಏಳು ಮಂದಿ

ಮೊದಲು ಕಾಯಿಲೆ ಏನು ಅಂತ ಸ್ಪಷ್ಟ ಮಾಡಿಕೊಳ್ಳಬೇಕು. ಕುಡುಗೋಲು ಎಲ್ಲಿಟ್ಟೆ ಅಂತ ಹುಡುಕೋದು ವಯಸ್ಸಿನ ಮರೆವು. ಐವತ್ತು ವರ್ಷ ಹಿಡಿದ ಕುಡುಗೋಲನ್ನೇ ಕೈಯಲ್ಲಿಟ್ಟುಕೊಂಡು ಇದು ಯಾತಕ್ಕೆ ಅಂತ ಕೇಳೋದು ಬೇರೆ. ಎರಡನೆಯದಕ್ಕೆ ವೈದ್ಯರು ಡಿಮೆನ್ಷಿಯಾ ಅಂತಾರೆ. ಮೆದುಳಿನ ಕೋಶಗಳು ಹಾಳಾಗುತ್ತಾ ಹೋಗುವ ಹಲವು ಕಾಯಿಲೆಗಳ ಗುಂಪು ಇದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇದರಲ್ಲಿ ಶೇ 60ರಿಂದ 70 ಅಲ್ಝೈಮರ್. ಬಿಪಿ, ಶುಗರ್, ಲಕ್ವಾದಿಂದ ಮೆದುಳಿನ ರಕ್ತನಾಳ ಕೆಟ್ಟು ಬರೋದು ಇನ್ನೊಂದು ಮುಖ್ಯ ಬಗೆ.

ಇದು ಬೆಂಗಳೂರಿನ ಅಪಾರ್ಟ್‌ಮೆಂಟ್ ಮಂದಿಯ ಕಾಯಿಲೆ ಅನ್ನೋ ನಂಬಿಕೆ ಇದೆ. ಲೆಕ್ಕ ಉಲ್ಟಾ ಹೇಳುತ್ತೆ. ದೇಶದ ಬೇರೆ ಬೇರೆ ರಾಜ್ಯಗಳ ಹಿರಿಯರನ್ನು ಪರೀಕ್ಷೆ ಮಾಡಿ ನಡೆಸಿದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 60 ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ. ದೇಶದಲ್ಲಿ ಒಟ್ಟು ಸುಮಾರು 88 ಲಕ್ಷ ಮಂದಿ. 2036ರ ಹೊತ್ತಿಗೆ ಇದು 1 ಕೋಟಿ 69 ಲಕ್ಷಕ್ಕೆ ಮುಟ್ಟಬಹುದು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಜಾಸ್ತಿ ಅಂತಲೂ ಅದೇ ಅಧ್ಯಯನ ಕಂಡುಕೊಂಡಿದೆ.

ಹೆಂಗಸರು, ಹಳ್ಳಿ, ಶಾಲೆ ಮುಖ ನೋಡದವರು. ಬಾದನಹಟ್ಟಿಯಂಥ ಊರಿನ ಕಟ್ಟೆ ಮೇಲೆ ಕುಂತ ಅಜ್ಜಿಯರನ್ನ ನೆನೆಸಿಕೊಂಡರೆ ಸಾಕು. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67.43 ಇತ್ತು, ರಾಜ್ಯದ ಸರಾಸರಿ ಶೇ 75.36. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ಈಗ ಎಪ್ಪತ್ತು ದಾಟಿದ ಹೆಣ್ಣುಮಕ್ಕಳನ್ನಷ್ಟೇ ತೆಗೆದುಕೊಂಡರೆ ಎಷ್ಟು ಮಂದಿ ಶಾಲೆಗೆ ಹೋಗಿದ್ದರು ಅನ್ನೋದು ಯಾವ ಓಣಿಯಲ್ಲಿ ಕೇಳಿದರೂ ಗೊತ್ತಾಗುತ್ತೆ.

ಅಂದಾಜಿಗೆ ಒಂದು ಊರಲ್ಲಿ 60 ದಾಟಿದವರು 500 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಶೇ 7.4 ಅಂದರೆ 37 ಮನೆ. ಅವರಲ್ಲಿ ಎಲ್ಲರೂ ಹಾಸಿಗೆ ಹಿಡಿದಿರಲ್ಲ. ಕೆಲವರು ಇನ್ನೂ ಶುರುವಿನಲ್ಲಿರುತ್ತಾರೆ. ಆದರೆ ಶುರುವಾದದ್ದು ಹಿಂದಕ್ಕೆ ಹೋಗೋದು ಅಪರೂಪ.

ನಾಟಿ ಗುಂಪು ಯಾರ ಸಲುವಾಗಿಯೂ ಕಾಯಲ್ಲ

ಈ ಸೀಮೆಯ ದುಡಿಮೆ ಹೆಂಗಿದೆ ಅನ್ನೋದು ಗೊತ್ತಿಲ್ಲದೆ ಈ ಖರ್ಚು ಅರ್ಥ ಆಗಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ. ಆಮೇಲೆ ಕಳೆ. ಮೆಣಸಿನಕಾಯಿ, ಹತ್ತಿ ಇದ್ದ ಕಡೆ ಬಿಡಿಸೋ ಕೆಲಸ. ನಾಟಿಯನ್ನ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡೀತಾರೆ. ಬೆಳಗ್ಗೆ ಆಟೋನೋ ಟ್ರ್ಯಾಕ್ಟರೋ ಬಂದು ನಿಂತಾಗ ಹತ್ತಿದವರಿಗೆ ಕೂಲಿ. ಎರಡು ದಿನ ಬರದಿದ್ದರೆ ಗುಂಪಿನಲ್ಲಿ ಆ ಜಾಗಕ್ಕೆ ಬೇರೆಯವರು. ವರ್ಷದ ದುಡ್ಡು ಇಂಥ ಕೆಲವೇ ವಾರಗಳಲ್ಲಿ ಕೂಡೋದು. ಆ ವಾರಗಳಲ್ಲಿ ಮನೆ ಕಾಯೋರು ಯಾರು ಅನ್ನೋದೇ ಪ್ರಶ್ನೆ.

ಲಕ್ವಾ ಹೊಡೆದವರನ್ನ ಊಟ, ನೀರು, ಮಾತ್ರೆ ಪಕ್ಕಕ್ಕಿಟ್ಟು ಅರ್ಧ ದಿನ ಹೋಗಿ ಬರಬಹುದು, ಅದೂ ಕಷ್ಟಪಟ್ಟು. ಮರೆವಿನ ಕಾಯಿಲೆ ನಡುಹಂತಕ್ಕೆ ಬಂದವರ ವಿಷಯ ಹಂಗಲ್ಲ. ಅವರ ಕಾಲು ಗಟ್ಟಿ ಇರ್ತಾವೆ, ದಾರಿ ಮಾತ್ರ ಗೊತ್ತಿರಲ್ಲ. ಎದ್ದು ಹೊರಟುಬಿಡ್ತಾರೆ. ಬಯಲುಸೀಮೆ ಊರಾದರೆ ಹೊಲದಲ್ಲಿ ಯಾರಾದರೂ ನೋಡಿ ಕರಕೊಂಡು ಬರ್ತಾರೆ. ಇಲ್ಲಿ ಊರ ಸುತ್ತ ಕಾಲುವೆ, ಉಪಕಾಲುವೆ, ಕೆಸರುಗದ್ದೆ. ಒಲೆ ಹಚ್ಚಿ ಮರೆಯೋದು, ಕರೆಂಟ್ ಮೋಟಾರಿನ ಬಾಕ್ಸ್ ಮುಟ್ಟೋದು ಬೇರೆ. ಹಂಗಾಗಿ ಒಬ್ಬರು ಕಣ್ಣಿಟ್ಟು ಕೂರಲೇಬೇಕು. ಗಂಡನ ಕೂಲಿ ಜಾಸ್ತಿ, ಹೆಂಡತಿಯ ಕೂಲಿ ಕಮ್ಮಿ. ಯಾರ ಕೂಲಿ ಬಿಡೋದು ಅಂತ ಮನೆಯಲ್ಲಿ ಚರ್ಚೆ ಆಗೋದೇ ಇಲ್ಲ. ಸೊಸೆ ಕೂರ್ತಾಳೆ. ಸೊಸೆ ಹೋದರೆ ಹೈಸ್ಕೂಲಿನ ಮಗಳು ಕೂರ್ತಾಳೆ.

ಇದು ಈ ಸೀಮೆಯ ಕಥೆ ಮಾತ್ರ ಅಲ್ಲ. 2019ರಲ್ಲಿ ಡಿಮೆನ್ಷಿಯಾದಿಂದ ಜಗತ್ತಿಗೆ ಬಿದ್ದ ಹೊರೆಯನ್ನ ವಿಶ್ವ ಆರೋಗ್ಯ ಸಂಸ್ಥೆ 1.3 ಲಕ್ಷ ಕೋಟಿ ಡಾಲರ್ ಅಂತ ಅಂದಾಜು ಮಾಡಿತ್ತು. ಅದರಲ್ಲಿ ಸುಮಾರು ಅರ್ಧ ಮನೆಯವರು ಸಂಬಳ ಇಲ್ಲದೆ ಮಾಡುವ ಆರೈಕೆಯ ಬೆಲೆ. ದಿನಕ್ಕೆ ಸರಾಸರಿ ಐದು ಗಂಟೆ. ಆರೈಕೆಯ ಒಟ್ಟು ಗಂಟೆಗಳಲ್ಲಿ ಶೇ 70 ಹೆಂಗಸರದ್ದು. ಜಪಾನಿನಲ್ಲಿ ಮನೆಯ ಹಿರಿಯರನ್ನ ನೋಡಿಕೊಳ್ಳೋಕೆ ಅಂತ ವರ್ಷಕ್ಕೆ ಸುಮಾರು 1 ಲಕ್ಷ ಜನ ಕೆಲಸ ಬಿಡ್ತಾರೆ. ಅಲ್ಲಿ ರಾಜೀನಾಮೆ ಪತ್ರ ಕೊಡ್ತಾರೆ, ಹಂಗಾಗಿ ಎಣಿಕೆಗೆ ಸಿಗುತ್ತೆ. ಕಳೆ ತೆಗೆಯೋ ಕೆಲಸಕ್ಕೆ ಯಾರು ರಾಜೀನಾಮೆ ಕೊಡ್ತಾರೆ?

ಲೆಕ್ಕ ಹಾಕಿ ನೋಡಿದರೆ

ಕೂಲಿಗೆ ಒಂದು ಸರ್ಕಾರಿ ದರ ಇದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಗಂಡಸು, ಹೆಂಗಸು ಅನ್ನೋ ಭೇದ ಇಲ್ಲದ ದರ. ಒಬ್ಬ ಸೊಸೆ ವರ್ಷಕ್ಕೆ 200 ದಿನ ಕೂಲಿ ಬಿಟ್ಟಳು ಅಂದರೆ 74,000 ರೂಪಾಯಿ. ಮೇಲೆ ಹೇಳಿದ 37 ಮನೆಗಳಲ್ಲಿ ಅರ್ಧದಷ್ಟು, ಅಂದರೆ 18 ಮನೆಯಲ್ಲಿ ಹಿಂಗಾದರೆ ಊರಿಗೆ ವರ್ಷಕ್ಕೆ 13 ಲಕ್ಷ 32 ಸಾವಿರ. ಇದು ಬಾಯಿಲೆಕ್ಕ, ಸಮೀಕ್ಷೆ ಅಲ್ಲ. ಆದರೆ ಇಷ್ಟು ದುಡ್ಡು ಊರಿಂದ ಸದ್ದಿಲ್ಲದೆ ಹೋಗ್ತಿದ್ದರೂ ಯಾವ ಗ್ರಾಮಸಭೆಯಲ್ಲೂ ಅದು ಚರ್ಚೆಯ ವಿಷಯ ಆಗಲ್ಲ. ಬೀದಿದೀಪದ ಬಲ್ಬ್ ಆಗುತ್ತೆ.

ಸಮೀಕ್ಷೆಯ ಲೆಕ್ಕವೂ ಇದೆ. ನಿಮ್ಹಾನ್ಸ್‌ನ ಗಿರೀಶ್ ರಾವ್ ಮತ್ತು ಶ್ರೀಕಲಾ ಭರತ್ 2013ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, ಡಿಮೆನ್ಷಿಯಾ ಇರುವ ಒಬ್ಬರ ಆರೈಕೆಗೆ ಹಳ್ಳಿಯ ಮನೆಗೆ ವರ್ಷಕ್ಕೆ 20,300ರಿಂದ 66,025 ರೂಪಾಯಿ, ಪಟ್ಟಣದ ಮನೆಗೆ 45,600ರಿಂದ 2,02,450 ರೂಪಾಯಿ ಬೀಳುತ್ತೆ. ಕಾಯಿಲೆ ಬಲಿತಷ್ಟೂ ಖರ್ಚು ಮೇಲಕ್ಕೆ. ಇದು ಹತ್ತು ವರ್ಷಕ್ಕಿಂತ ಹಳೇ ರೂಪಾಯಿ. ಆಗಿನ ಅಕ್ಕಿ ರೇಟು, ಬಸ್ ಚಾರ್ಜು ನೆನಪಿದ್ದವರು ಈಗ ಎಷ್ಟಾಗಿರಬಹುದು ಅಂತ ಅವರೇ ಊಹಿಸಬಹುದು.

ಎದುರಿಗೆ ಸರ್ಕಾರ ಕೊಡೋದು ಏನು? 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ವರ್ಷಕ್ಕೆ 14,400. ಹಳೇ ಅಂದಾಜಿನ ಅತಿ ಕಮ್ಮಿ ಖರ್ಚಿಗೂ ಅದು ಸಾಲಲ್ಲ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ದಿಲ್ಲಿಯ ಪಾಲು 79 ವಯಸ್ಸಿನವರೆಗೆ ಈಗಲೂ 200 ರೂಪಾಯಿ, 80 ದಾಟಿದರೆ 500. ಗೃಹಲಕ್ಷ್ಮಿ 2,000 ಸೇರಿಸಿದರೆ ತಿಂಗಳಿಗೆ 3,200 ಆಗುತ್ತೆ ಅಂತ ಹೇಳಬಹುದು. ಹಾಸಿಗೆ ಹಿಡಿದವರಿಗೆ ದಿನಕ್ಕೆ ಮೂರು ಡೈಪರ್ ಬೇಕು, ಒಂದಕ್ಕೆ 35 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 3,150. ಅಲ್ಲಿಗೆ ಎರಡೂ ಯೋಜನೆ ಮುಗೀತು. ಅದಕ್ಕೇ ಬಹಳ ಮನೆಯಲ್ಲಿ ಡೈಪರ್ ಇರಲ್ಲ, ಹಳೇ ಸೀರೆ ಹರಿದು ಹಾಸೋದು. ಅದನ್ನ ಒಗೆಯೋಕೆ ನೀರು, ಸೋಪು, ಮತ್ತೆ ಅದೇ ಸೊಸೆಯ ಹೊತ್ತು.

ಇಲ್ಲೊಂದು ತೊಡಕನ್ನ ಯೋಜನೆ ಬರೆದವರು ಯೋಚಿಸಿದಂಗೆ ಕಾಣಲ್ಲ. ಗೃಹಲಕ್ಷ್ಮಿ ದುಡ್ಡು ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿ ಅಂತ ಇದೆಯೋ ಅವರ ಖಾತೆಗೆ ಬರೋದು. ಕೂಡುಮನೆಯಲ್ಲಿ ಯಜಮಾನಿ ಅಂದರೆ ಸಾಮಾನ್ಯವಾಗಿ ಅತ್ತೆ. ಆ ಅತ್ತೆಗೇ ಮರೆವಿನ ಕಾಯಿಲೆ ಬಂದರೆ? ಪಿಂಚಣಿಯೂ ಅವಳ ಹೆಸರಲ್ಲಿ, ಗೃಹಲಕ್ಷ್ಮಿಯೂ ಅವಳ ಹೆಸರಲ್ಲಿ. ಬ್ಯಾಂಕಿನಲ್ಲಿ ಕೆವೈಸಿ ಕೇಳಿದರೆ ಅವಳನ್ನೇ ಕೂರಿಸಿಕೊಂಡು ಹೋಗಬೇಕು. ಹೆಬ್ಬೆಟ್ಟು ಮಿಷನ್‌ನಲ್ಲಿ ಬೀಳಬೇಕು, ಹೆಸರು ಕೇಳಿದರೆ ಹೇಳಬೇಕು. ಆ ದಿನ ಅವಳಿಗೆ ಸಿಟ್ಟು ಬಂದು ಕೈ ಕೊಡದಿದ್ದರೆ ವಾಪಸ್. ನೋಡಿಕೊಳ್ಳುವ ಸೊಸೆಯ ಹೆಸರು ಯಾವ ಕಾಗದದಲ್ಲೂ ಇಲ್ಲ.

ಹೆಬ್ಬೆಟ್ಟಿನ ಮಾತು ಬಂದಾಗ ಹೊಲದ ಮಾತೂ ಬರುತ್ತೆ. ಡಿಮೆನ್ಷಿಯಾದಲ್ಲಿ ಮೊದಮೊದಲು ಕೈಕೊಡೋದರಲ್ಲಿ ದುಡ್ಡಿನ ಲೆಕ್ಕವೂ ಒಂದು. ಕೊಟ್ಟ ಸಾಲ ಮರೆಯೋದು, ಕಟ್ಟಿದ ಬಡ್ಡಿಯನ್ನ ಮತ್ತೆ ಕಟ್ಟೋದು, ಗುತ್ತಿಗೆ ಮಾತಾಡಿದ ಹೊಲವನ್ನ ಇನ್ನೊಬ್ಬರಿಗೂ ಮಾತಾಡೋದು. ಮನೆಯವರಿಗೆ ಕಾಯಿಲೆ ಅಂತ ಗೊತ್ತಾಗೋ ಮೊದಲೇ ಕ್ರಯಪತ್ರಕ್ಕೋ ದಾನಪತ್ರಕ್ಕೋ ಹೆಬ್ಬೆಟ್ಟು ಬಿದ್ದಿರಬಹುದು. ಒಪ್ಪಂದ ಮಾಡುವ ಹೊತ್ತಿಗೆ ಅದರ ಅರ್ಥ ತಿಳಿಯುವ ಸ್ಥಿತಿ ಇರಬೇಕು ಅಂತ ಕಾನೂನು ಹೇಳುತ್ತೆ. ಆದರೆ ಆ ದಿನ ಆ ಸ್ಥಿತಿ ಇರಲಿಲ್ಲ ಅಂತ ಕೋರ್ಟಿನಲ್ಲಿ ತೋರಿಸೋಕೆ ಡಾಕ್ಟರ್ ಚೀಟಿ ಬೇಕು. ಚೀಟಿ ಮಾಡಿಸಿರಲ್ಲ, ಯಾಕಂದ್ರೆ ಅರಳುಮರಳು.

ಇಡೀ ದೇಶಕ್ಕೆ ದಾರಿ ತೋರಿಸಿದ ಜಿಲ್ಲೆ

ಈಗಿನ ಹುಡುಗರಿಗೆ ಬಹುಶಃ ಗೊತ್ತಿಲ್ಲದ ಒಂದು ಸಂಗತಿ. ಮಾನಸಿಕ ಆರೋಗ್ಯದ ವಿಷಯದಲ್ಲಿ ಬಳ್ಳಾರಿ ಹೆಸರು ದೇಶದ ಪಠ್ಯಪುಸ್ತಕಗಳಲ್ಲಿ ಇದೆ. 1985ರಲ್ಲಿ ನಿಮ್ಹಾನ್ಸ್ ಈ ಜಿಲ್ಲೆಯನ್ನ ಪ್ರಯೋಗಕ್ಕೆ ಆರಿಸಿಕೊಂಡಿತು. ಆಗ ವಿಜಯನಗರ ಜಿಲ್ಲೆ ಬೇರೆಯಾಗಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಬೇಕಾದ ಮಾತ್ರೆಗಳನ್ನ ಹಳ್ಳಿ ಆಸ್ಪತ್ರೆಯಲ್ಲೇ ಸಿಗೋ ಹಂಗೆ ಮಾಡಿ, ಮಾನಸಿಕ ಕಾಯಿಲೆಗೆ ಬೆಂಗಳೂರಿನ ತನಕ ಹೋಗೋದು ಬೇಡ ಅಂತ ತೋರಿಸಿದರು. 1990ರವರೆಗೆ ನಡೆದ ಈ ಕೆಲಸಕ್ಕೆ ‘ಬಳ್ಳಾರಿ ಮಾದರಿ’ ಅಂತ ಹೆಸರು ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಪಾಯ. ಇವತ್ತು ದೇಶದ ಯಾವುದೋ ಮೂಲೆಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಕುಂತಿದ್ದಾರೆ ಅಂದರೆ ಅದರ ಬೇರು ಇಲ್ಲಿದೆ.

ಆಗಿನ ಒತ್ತು ಮೂರ್ಛೆರೋಗ, ತೀವ್ರ ಮಾನಸಿಕ ಕಾಯಿಲೆಗಳ ಮೇಲಿತ್ತು. ಅದು ಸರಿಯೇ ಇತ್ತು, ಆಗ ಮುದುಕರು ಕಮ್ಮಿ. 2011ರಲ್ಲಿ ಕೂಡ ದೇಶದಲ್ಲಿ 60 ದಾಟಿದವರು ಶೇ 8.6 ಇದ್ದರು. 2031ಕ್ಕೆ ಶೇ 13.1 ಆಗುತ್ತೆ ಅನ್ನೋದು ಸರ್ಕಾರದ್ದೇ ಅಂದಾಜು. ಜನ ಬದಲಾದರು, ಕಾಯಿಲೆಯ ಪಟ್ಟಿ ಅಷ್ಟು ಬೇಗ ಬದಲಾಗಲಿಲ್ಲ.

ರಾಜ್ಯ ಏನೂ ಮಾಡಿಲ್ಲ ಅಂತ ಹೇಳೋ ಹಂಗಿಲ್ಲ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಶುರುವಾಯಿತು. ಬೆಂಗಳೂರಿನ ಜಯನಗರ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು, ಆಮೇಲೆ ಬೇರೆ ಜಿಲ್ಲಾಸ್ಪತ್ರೆಗಳಿಗೆ. ಲಕ್ವಾ, ಮೂರ್ಛೆ, ತಲೆನೋವಿನ ಜೊತೆ ಡಿಮೆನ್ಷಿಯಾವೂ ಅದರ ಪಟ್ಟಿಯಲ್ಲಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆಯೂ ಇದೆ. ಬಳ್ಳಾರಿಯಲ್ಲಿ ಹಳೇ ವಿಮ್ಸ್, ಈಗಿನ ಬಿಎಂಸಿಆರ್‌ಸಿ ಇದೆ. ತೋರಿಸೋಕೆ ಜಾಗ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ.

ತೋರಿಸಿದ ಮೇಲೆ ಏನು ಅನ್ನೋದರಲ್ಲಿ ದಾರಿ ನಿಂತುಹೋಗುತ್ತೆ. ಆಯುಷ್ಮಾನ್ ಕಾರ್ಡಿನ 5 ಲಕ್ಷ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಇದನ್ನ 70 ದಾಟಿದ ಎಲ್ಲರಿಗೂ ವಿಸ್ತರಿಸಿದಾಗಲೂ ಆ ಷರತ್ತು ಬದಲಾಗಲಿಲ್ಲ. ಡಿಮೆನ್ಷಿಯಾದ ಖರ್ಚು ಅಡ್ಮಿಟ್ ಆಗೋ ಖರ್ಚಲ್ಲ. ಎಂಟೋ ಹತ್ತೋ ವರ್ಷ ಮನೆಯಲ್ಲೇ, ದಿನಾ ಚೂರುಚೂರು ಹೋಗೋ ಖರ್ಚು. 5 ಲಕ್ಷದ ಕಾರ್ಡು ಕಪಾಟಿನಲ್ಲಿ ಇರುತ್ತೆ, ಸೊಸೆ ಹೊಸಿಲ ಮೇಲೆ ಕುಂತಿರ್ತಾಳೆ.

ಪಟ್ಟಿಯಲ್ಲಿ ಇಲ್ಲದ ಹೆಸರು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಡಿಮೆನ್ಷಿಯಾ ಅನ್ನೋ ಹೆಸರು ಬೇರೆಯಾಗಿ ಇಲ್ಲ. ಮಾನಸಿಕ ಕಾಯಿಲೆ ಅನ್ನೋ ಬಾಗಿಲಿನಿಂದ ಒಳಗೆ ಹೋಗಬೇಕು. ಹಳ್ಳಿ ಮನೆಯವರು ‘ನಮ್ಮವ್ವಗ ಹುಚ್ಚಿಲ್ರಿ’ ಅಂತ ಅಲ್ಲೇ ತಿರುಗಿ ಬರ್ತಾರೆ. ಅವರ ತಪ್ಪೂ ಅಲ್ಲ.

ಇದರ ಪರಿಣಾಮ ಎಲ್ಲಿ ಬೀಳುತ್ತೆ ನೋಡಿ. 2024-25ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿತು. ನೋಡಿಕೊಳ್ಳೋದೂ ಒಂದು ಕೆಲಸ, ಅದಕ್ಕೂ ದುಡ್ಡು ಕೊಡಬೇಕು ಅಂತ ಸರ್ಕಾರವೇ ಒಪ್ಪಿಕೊಂಡಂಗಾಯ್ತು. 1,000 ಬಹಳ ಕಮ್ಮಿ, ಸರಿ. ಆದರೆ ಒಪ್ಪಿಕೊಂಡದ್ದು ದೊಡ್ಡದು. ಆ ನಾಲ್ಕು ಹೆಸರಿನ ಪಕ್ಕ ಐದನೆಯದಾಗಿ ಡಿಮೆನ್ಷಿಯಾ ಸೇರಿದರೆ ಹಳ್ಳಿಯ ಸೊಸೆಗೆ ಮೊದಲ ಸಲ ತನ್ನ ಹೆಸರಿನ ಖಾತೆಗೆ, ತಾನು ಮಾಡಿದ ಕೆಲಸಕ್ಕೆ ದುಡ್ಡು ಬರುತ್ತೆ. ಪಕ್ಕದ ಕೇರಳದಲ್ಲಿ ಹಾಸಿಗೆ ಹಿಡಿದವರನ್ನ ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಅಂತ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆ 2010ರಿಂದಲೇ ಇದೆ.

ಯಾರೂ ಕೇಳದಿದ್ದರೆ ಹೆಸರು ಸೇರಲ್ಲ. ಪಾರ್ಕಿನ್ಸನ್ ಇರುವವರಿಗೆ ಸಂಘಗಳಿವೆ, ಬೆಂಗಳೂರಿನಲ್ಲಿ ಮನವಿ ಕೊಡುವವರಿದ್ದಾರೆ. ಡಿಮೆನ್ಷಿಯಾದ ಸಂಘಗಳು, ಆರೈಕೆ ಕೇಂದ್ರಗಳೂ ಬೆಂಗಳೂರಿನಲ್ಲೇ. ಅಲ್ಲಿನ ಕೇಂದ್ರದಲ್ಲಿ ಇಡಬೇಕಂದರೆ ತಿಂಗಳಿಗೆ ಹತ್ತಾರು ಸಾವಿರ ಬೇಕು. ಕೂಲಿ ಮನೆಯವರಿಗೆ ಅದು ಬೇರೆ ದೇಶ ಇದ್ದಂಗೆ.

ಇನ್ನೊಂದು ಕಡೆ ದಂಡದ ದಾರಿ ಇದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿ ಮುಂದೆ ದೂರು ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಪಡೆಯಬಹುದು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನ ವಾಪಸ್ ಪಡೆಯೋಕೂ ದಾರಿ ಇದೆ. 2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಹೆತ್ತವರನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟು ಹೋಗುವ ಮಕ್ಕಳ ವಿರುದ್ಧ ಇದೇ ಕಾಯ್ದೆಯಡಿ ಕ್ರಮ ಆಗಬೇಕು ಅಂತ ಹೇಳಿದರು. ಬೆಳಗಾವಿಯ ಬಿಮ್ಸ್ ಒಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನ ಹಿಂಗೆ ಬಿಟ್ಟುಹೋದ ಸುದ್ದಿ ಆಗ ಬಂದಿತ್ತು. ಆಸ್ತಿ ಬರೆಸಿಕೊಂಡು ಓಡಿಹೋದ ಮಕ್ಕಳಿಗೆ ದಂಡ ಬೀಳಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾದನಹಟ್ಟಿಯಂಥ ಊರಿನ ಭೂಮಿ ಇಲ್ಲದ ಮನೆಯಲ್ಲಿ ರದ್ದು ಮಾಡೋಕೆ ಆಸ್ತಿಯೇ ಇಲ್ಲ. ಅಲ್ಲಿ ಮಕ್ಕಳು ಬಿಟ್ಟುಹೋಗದೇ ಇದ್ದಾರೆ, ಅದಕ್ಕೇ ಕೂಲಿ ಹೋಗ್ತಿದೆ. ಬಿಟ್ಟುಹೋದವರಿಗೆ ಏನು ಮಾಡಬೇಕು ಅಂತ ಕಾನೂನಿಗೆ ಗೊತ್ತು, ಬಿಡದೆ ನೋಡಿಕೊಳ್ಳೋರಿಗೆ ಏನು ಮಾಡಬೇಕು ಅಂತ ಗೊತ್ತಿಲ್ಲ.

ಕೂಸಿನ ಮನೆ ಆಗಿದ್ದರೆ ಹಿರೇರ ಮನೆ ಯಾಕಾಗಲ್ಲ?

ದೊಡ್ಡ ಆಸ್ಪತ್ರೆ ಕಟ್ಟಿ ಅಂತ ಯಾರೂ ಕೇಳಬೇಕಾಗಿಲ್ಲ. ಕರ್ನಾಟಕವೇ ಮಾಡಿದ ಒಂದು ಕೆಲಸ ಕಣ್ಣೆದುರಿಗಿದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳನ್ನ ನೋಡಿಕೊಳ್ಳೋಕೆ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡ್ತೀವಿ ಅಂತ 2023-24ರ ಬಜೆಟ್‌ನಲ್ಲಿ ಹೇಳಿ ಶುರುಮಾಡಿದರು. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮಕ್ಕಳನ್ನ ನೋಡಿಕೊಳ್ಳೋ ವ್ಯವಸ್ಥೆ. ಕೂಸು ಇದ್ದ ತಾಯಿ ದುಡಿಯೋಕೆ ಹೋಗಬೇಕಾದರೆ ಕೂಸಿಗೊಂದು ಜಾಗ ಬೇಕು ಅನ್ನೋದು ಅರ್ಥ ಆಗಿದ್ದರೆ, ಮರೆವಿನ ಅತ್ತೆ ಇದ್ದ ಸೊಸೆಯ ವಿಷಯವೂ ಅಷ್ಟೇ. ನಾಟಿ, ಕಳೆ, ಕೊಯ್ಲಿನ ಹೊತ್ತಿನಲ್ಲಾದರೂ ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಹಿರೇರನ್ನ ಕೂರಿಸಿಕೊಂಡು, ಊಟ ಕೊಟ್ಟು, ಬಾಗಿಲು ಕಾಯೋ ಒಂದು ಕೋಣೆ, ಇಬ್ಬರು ಹೆಣ್ಣುಮಕ್ಕಳು.

ಇಂಥದ್ದಕ್ಕೆ ಡಾಕ್ಟರೇ ಬೇಕು ಅಂತಿಲ್ಲ. ಗೋವಾದ ಎರಡು ತಾಲ್ಲೂಕುಗಳಲ್ಲಿ ‘ಸಂಗಾತ್’ ಸಂಸ್ಥೆ 81 ಕುಟುಂಬಗಳ ಜೊತೆ ಒಂದು ಪ್ರಯೋಗ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಸಿಟ್ಟು ಮಾಡಿದಾಗ ಏನು ಮಾಡಬೇಕು, ಸ್ನಾನಕ್ಕೆ ಹೆಂಗೆ ಒಪ್ಪಿಸಬೇಕು, ಸಿಗೋ ಸರ್ಕಾರಿ ಸವಲತ್ತು ಯಾವುದು ಅಂತ ಹೇಳಿಕೊಟ್ಟರು. ಮೇಲೆ ಒಬ್ಬ ಮನೋವೈದ್ಯರ ಉಸ್ತುವಾರಿ. ನೋಡಿಕೊಳ್ಳುವವರ ಮನಸ್ಸಿನ ಭಾರ ಇಳಿದದ್ದು ಅಲ್ಲಿ ಎದ್ದು ಕಂಡ ಫಲ. ಆಶಾ ಕಾರ್ಯಕರ್ತೆಯರಿಗೆ ಇದನ್ನೂ ಹೊರಿಸಿ ಅಂತ ಹೇಳೋದು ಸುಲಭ. ಅವರಿಗೆ ಈಗ ಇರೋ ಕೆಲಸಕ್ಕೇ ಸರಿಯಾಗಿ ದುಡ್ಡು ಸಿಗ್ತಿಲ್ಲ ಅಂತ ಅವರು ಬೀದಿಗಿಳಿದಿದ್ದನ್ನ ಎಲ್ಲರೂ ನೋಡಿದ್ದಾರೆ. ಬೇರೆ ಕೈ, ಬೇರೆ ಸಂಬಳ ಬೇಕು.

ಕಮ್ಮಿ ಮಾಡೋಕೂ ದಾರಿ ಇದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ 14 ಕಾರಣಗಳನ್ನ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನ ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂತ ಹೇಳಿತು. ಬಿಪಿ, ಶುಗರ್, ಬೀಡಿ ಸಿಗರೇಟು, ಹೆಂಡ, ಕಿವಿ ಕೇಳದಿರೋದು, ಕಣ್ಣು ಕಾಣದಿರೋದು, ಒಂಟಿಯಾಗಿ ಬಿಡೋದು, ಶಾಲೆ ಕಲಿಯದಿರೋದು, ಹೊಗೆ ಧೂಳಿನ ಗಾಳಿ ಎಲ್ಲ ಅದರಲ್ಲಿವೆ. ಗಣಿ, ಸ್ಪಾಂಜ್ ಐರನ್ ಇರೋ ಜಿಲ್ಲೆಯಲ್ಲಿ ಕೊನೆಯದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿನ ಪೊರೆ ತೆಗೆಸೋ ಶಿಬಿರಕ್ಕೆ ಅವ್ವನನ್ನ ಕಳಿಸೋದೂ ಮೆದುಳಿನ ಕಾಯಿಲೆ ತಡೆಯೋ ಕೆಲಸವೇ.

ಸದ್ಯಕ್ಕೆ ಮನೆಯವರು ಮಾಡಬಹುದಾದದ್ದು ಒಂದಿದೆ, ಅದು ಚೀಟಿ ಮಾಡಿಸೋದು. ಮರೆವಿನಂತೆ ಕಾಣೋದೆಲ್ಲ ವಾಸಿಯಾಗದ್ದು ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದ್ದು, ಇವೂ ಹಂಗೇ ಕಾಣ್ತಾವೆ, ಇವಕ್ಕೆ ಚಿಕಿತ್ಸೆ ಇದೆ. ಇವುಗಳಲ್ಲಿ ಕೆಲವು ಬರೀ ರಕ್ತಪರೀಕ್ಷೆಯಲ್ಲೇ ಗೊತ್ತಾಗ್ತಾವೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಮಂಗಳವಾರ ಯಾವುದು ಅಂತ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತೆ. ನೋಡಿಕೊಂಡು ನೋಡಿಕೊಂಡು ಮನಸ್ಸು ಸೋತವರಿಗೆ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ಹಿರಿಯರ ಸಹಾಯವಾಣಿ 14567. ಆಸ್ಪತ್ರೆಯಲ್ಲಿ ಚೀಟಿ ಮೇಲೆ ಬರೀ ‘ವಯೋಸಹಜ ಮರೆವು’ ಅಂತ ಬರೆದುಕೊಟ್ಟರೆ, ಕಾಯಿಲೆ ಹೆಸರು, ಯಾವ ಹಂತ, ಯಾವ ತಾರೀಖಿಗೆ ನೋಡಿದ್ದು ಅಂತ ಬರೆದು ಸೀಲ್ ಹಾಕಿಕೊಡಿ ಅಂತ ಕೇಳಿ ತಗೊಳ್ಳಬೇಕು. ನಾಳೆ ಬ್ಯಾಂಕಿಗೂ, ಉಪನೋಂದಣಿ ಕಚೇರಿಗೂ, ಭತ್ಯೆಯ ಪಟ್ಟಿಗೆ ಹೆಸರು ಸೇರಿದ ದಿನ ಆ ಅರ್ಜಿಗೂ ಬೇಕಾಗೋದು ಅದೇ ಕಾಗದ.